ಗಮನಕ್ಕ ಮೈಕಿನ ಮುಂದೆ ನಿಂತ ದಿನ

ನನ್ನ ಅತ್ತಿಗೆಯಷ್ಟು ಪುಕ್ಕಲು ಹೆಂಗಸನ್ನು ನಾನು ಕಂಡಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚುತ್ತಾಳೆ, ಕೂಗದೆ ಸುಮ್ಮನಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತಾಳೆ. ಬಾಗಿಲಿಗೆ ಚಿಲಕ ಹಾಕಿ, ಎಳೆದು ನೋಡಿ, ಹಾಸಿಗೆಗೆ ಹೋದ ಮೇಲೆ ಎದ್ದು ಬಂದು ಮತ್ತೊಮ್ಮೆ ಎಳೆದು ನೋಡುವವರ ಪೈಕಿ. ಯಾರಾದರೂ ಜೋರಾಗಿ ಮಾತಾಡಿದರೆ ತಪ್ಪು ತನ್ನದೇ ಇರಬೇಕು ಎಂದುಕೊಳ್ಳುತ್ತಾಳೆ. ಇಂಥವಳ ದನಿಯನ್ನು ಊರಿಗೆ ಊರೇ ದಿನಾ ಕೇಳುತ್ತಿತ್ತು ಎಂದರೆ ಹೊರಗಿನವರು ನಂಬುವುದಿಲ್ಲ.

ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುತ್ತಿದ್ದವಳು ಅವಳು. ಮಾತೆಲ್ಲ "ಪ್ರಯಾಣಿಕರ ಗಮನಕ್ಕೆ" ಎಂದೇ ಶುರುವಾಗುತ್ತಿದ್ದುದರಿಂದ ಡ್ರೈವರುಗಳು ಅವಳಿಗೆ ಗಮನಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರು ನಿಲ್ದಾಣದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ನಮ್ಮ ಬೀದಿಗೆ ನಡೆದು ಬಂತು. ಜಗಳವಾಡುವಾಗ ನಾನೂ ಹಾಗೇ ಕರೆಯುತ್ತಿದ್ದೆ. ನಾನು ಅವಳ ನಾದಿನಿ, ಅವಳ ಗಂಡನ ತಂಗಿ. ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಕತ್ತರಿಯನ್ನಾದರೂ ಆಗಾಗ ಸಾಣೆ ಹಿಡಿಸಬೇಕಾಗುತ್ತದೆ.

ಅವಳು ಕೂರುತ್ತಿದ್ದ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಯಲ್ಲಿ ಕೈ ತೂರುವಷ್ಟು ಕಿಂಡಿ. ಕಂಟ್ರೋಲರು ಕಿಂಡಿಯಿಂದ ಚೀಟಿ ಕೊಡಬೇಕು, ಇವಳು ಮೈಕಿನ ಬುಡದಲ್ಲಿದ್ದ ಕಪ್ಪು ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಓದಬೇಕು. ಚೀಟಿಯಲ್ಲಿ ಇದ್ದಷ್ಟೇ ಓದಬೇಕು, ಎರಡು ಸಲ ಓದಬೇಕು, ಸ್ವಂತ ಮಾತು ಒಂದೂ ಸೇರಿಸಬಾರದು. ವರ್ಷಗಟ್ಟಲೆ ಇದನ್ನೇ ಮಾಡಿ ಮನೆಯಲ್ಲೂ ಅದೇ ಚಾಳಿ. "ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ." ಒಂದು ಸಲಕ್ಕೇ ನಮಗೆ ಕೇಳುತ್ತಿತ್ತು, ಆದರೂ ಎರಡನೆಯ ಸಲ ಕರೆದ ಮೇಲೆಯೇ ಏಳುವುದು ನಮಗೂ ರೂಢಿಯಾಗಿತ್ತು.

ಗುಂಡಿ ಬಿಟ್ಟ ಕೂಡಲೇ ಗಮನಕ್ಕ ಮಾಯ, ನಮ್ಮತ್ತಿಗೆ ಹಾಜರು. ಮೈಕು ಸತ್ತಿದೆ, ಬಾಗಿಲು ಮುಚ್ಚಿದೆ, ಕೇಳುವವರು ಯಾರೂ ಇಲ್ಲ. ಆಗ ಅದರ ಮುಂದೆಯೇ ಬಾಗಿ ಗೊಣಗುತ್ತಿದ್ದಳು. ಮ್ಯಾನೇಜರು ಬೈದದ್ದು, ಗ್ಯಾಸು ಆರಿಸಿ ಬಂದೆನೋ ಇಲ್ಲವೋ ಎಂಬ ಅನುಮಾನ, ಮಗಳ ಕೆಮ್ಮು, ಎಲ್ಲವೂ ಅಲ್ಲಿ ಹೊರಗೆ ಬೀಳುತ್ತಿತ್ತು. ಊಟದ ಡಬ್ಬಿ ಕೊಡಲು ಹೋದಾಗ ನಾನೇ ಎಷ್ಟೋ ಸಲ ಕೇಳಿಸಿಕೊಂಡು ನಕ್ಕಿದ್ದೇನೆ. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಅವಳಿಗಿದ್ದ ಜಾಗ ಅದೊಂದೇ, ಗುಂಡಿ ಒತ್ತದ ಮೈಕಿನ ಮುಂದೆ.

ನಮ್ಮಣ್ಣ ಬಿಸ್ಕತ್ತು ಕಾರ್ಖಾನೆಯಲ್ಲಿದ್ದ. ಊರಾಚೆ, ಲಾರಿಗಳು ಓಡುವ ಉದ್ದದ ರಸ್ತೆಯ ಕೊನೆಗೆ ಆ ಕಾರ್ಖಾನೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ. ಒಂದು ದಿನ ಮೋರಿಯ ಹತ್ತಿರ ಲಾರಿ ಬಡಿದು ಹೋಗಿಬಿಟ್ಟ. ಪೊಲೀಸರ ಜೊತೆ ಹೋಗಿ ಆ ಜಾಗ ನೋಡಿ ಬಂದವಳು ನಾನು. ಅತ್ತಿಗೆ ಅಂದಿನಿಂದ ಆ ರಸ್ತೆಗೆ ಕಾಲಿಟ್ಟಿಲ್ಲ. ಕಾರ್ಖಾನೆಯವರು ಅವನ ಕೆಲಸವನ್ನು ಮಗಳಿಗೆ ಕೊಟ್ಟರು. ಸದಾ ಗುಂಯ್‌ಗುಡುವ ಹುಡುಗಿಯಾದ್ದರಿಂದ ಅವಳನ್ನು ನಾವು ಜೀರುಂಡೆ ಎನ್ನುತ್ತೇವೆ. ಜೀರುಂಡೆ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ಬಸ್ಸನ್ನು ಅವಳ ತಾಯಿಯೇ ಅನೌನ್ಸ್ ಮಾಡಿ ಕಳಿಸುತ್ತಿದ್ದಳು, ತಾಯಿಯೇ ಅನೌನ್ಸ್ ಮಾಡಿ ಬರಮಾಡಿಕೊಳ್ಳುತ್ತಿದ್ದಳು. ಹೆದರಿಕೆ ಇತ್ತು, ಆದರೆ ಅದಕ್ಕೊಂದು ಮೂಗುದಾರವೂ ಇತ್ತು.

ಆಮೇಲೆ ಕೆಟ್ಟ ಕಾಲ ಬಂತು. ಅಂಗಡಿಗಳಲ್ಲಿ ವ್ಯಾಪಾರವಿಲ್ಲ, ಕಾರ್ಖಾನೆಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಕೆಲಸವಿಲ್ಲ, ಹೊಸ ಬಟ್ಟೆ ಹೊಲಿಸುವವರಿಲ್ಲದೆ ನಾನು ಹಳೆಯ ಪ್ಯಾಂಟುಗಳ ಮಂಡಿಗೆ ತೇಪೆ ಹಾಕುತ್ತಾ ಕೂತೆ. ಬಸ್ಸಿನವರು ನಷ್ಟ ಎಂದು ಒಂದೊಂದೇ ಮಾರ್ಗ ನಿಲ್ಲಿಸಿದರು. ಬಿಸ್ಕತ್ತು ಕಾರ್ಖಾನೆಯ ಬಸ್ಸು ರದ್ದಾದುದನ್ನೂ ಅತ್ತಿಗೆಯೇ ಓದಿದಳು, ಎರಡು ಸಲ. ಮಾರನೆಯ ದಿನ ಜೀರುಂಡೆ ಯಾರದೋ ಹಳೇ ಸೈಕಲ್ಲು ತಂದು ಜಗಲಿಗೆ ಒರಗಿಸಿದಳು.

"ಬೇಡ," ಎಂದಳು ಅತ್ತಿಗೆ.

"ಮತ್ತೆ ಹಾರ್ಕೊಂಡು ಹೋಗ್ಲಾ?" ಎಂದಳು ಮಗಳು. "ಇರೋ ಕೆಲಸಾನೂ ಬಿಟ್ರೆ ಮೂರು ಜನಾನೂ ಅತ್ತೆ ಕತ್ತರಿ ನೆಕ್ಕೊಂಡು ಬದುಕ್ಬೇಕಾಗುತ್ತೆ."

ಮಾರನೆಯ ಬೆಳಿಗ್ಗೆ ಸೈಕಲ್ಲು ಹತ್ತಿ ಹೊರಟೇಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಾಗುವುದೆಂದರೆ ನನಗೂ ಭಯ. ಹುಡುಗಿ ಹೊರಟ ಮೇಲೆ ಅತ್ತಿಗೆ ಬೀದಿಯ ತಿರುವಿನವರೆಗೂ ಹೋಗಿ ನಿಲ್ಲುತ್ತಿದ್ದಳು. ಬಂದು ಕೈಗೆ ಸಿಕ್ಕ ಪಾತ್ರೆಯನ್ನು ತೊಳೆದದ್ದೇ ತೊಳೆಯುತ್ತಿದ್ದಳು. ಎಲ್ಲಾದರೂ ಆಂಬುಲೆನ್ಸಿನ ಸದ್ದಾದರೆ ಇಬ್ಬರೂ ಮಾತು ನಿಲ್ಲಿಸಿ, ಅದು ಯಾವ ದಿಕ್ಕಿಗೆ ಹೋಯಿತು ಎಂದು ಕಿವಿಗೊಡುತ್ತಿದ್ದೆವು. ಬೇರೆ ದಿಕ್ಕಿಗೆ ಹೋದರೆ ಸಮಾಧಾನ. ಇನ್ನೊಬ್ಬರ ಮನೆಯ ಸಂಕಟಕ್ಕೆ ನಾವು ಸಮಾಧಾನ ಪಡುವಂತಾಯಿತಲ್ಲ ಎಂದು ನನಗೆ ನಾಚಿಕೆಯೂ ಆಗುತ್ತಿತ್ತು.

ಹೀಗಿರುವಾಗ ಸರ್ಕಾರ ಹಣ ಬಿಡುಗಡೆ ಮಾಡಿತು. ಬಿದ್ದುಹೋದ ವ್ಯಾಪಾರವನ್ನು ಎಬ್ಬಿಸಲು ಊರೂರಿಗೆ ಇಷ್ಟಿಷ್ಟು, ಕಾಮಗಾರಿ ಶುರು ಮಾಡಿ, ಜನಕ್ಕೆ ಕೆಲಸ ಕೊಡಿ ಎಂದು. ನಮ್ಮ ಊರಿನ ದೊಡ್ಡವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ನಕ್ಷೆ ತಂದರು. ಕಾರ್ಖಾನೆ ರಸ್ತೆಯ ತಲೆಯ ಮೇಲೆ ಉದ್ದಕ್ಕೂ ಒಂದು ಮೇಲ್ಸೇತುವೆ. ಕಾರುಗಳು ಮೇಲೆ ಜುಮ್ಮನೆ ಹೋಗಬಹುದು. ಕೆಳಗೆ ಕಂಬಗಳ ಸಂದಿಯಲ್ಲಿ ಉಳಿದ ರಸ್ತೆ ಲಾರಿಗೆ, ಸೈಕಲ್ಲಿಗೆ, ಕಾಲಿಗೆ. ಫುಟ್‌ಪಾತು ನಕ್ಷೆಯಲ್ಲೇ ಇರಲಿಲ್ಲ.

ಪ್ರಯಾಣಿಕರ ಸಂಘ ಎಂದೊಂದಿತ್ತು. ಅದರ ಜೀವ ಎಂದರೆ ಕೊಡೆ ಮೇಷ್ಟ್ರು. ನಿವೃತ್ತರಾದ ಭೂಗೋಳದ ಮೇಷ್ಟ್ರು, ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆ. ಅವರೊಂದು ಸಂಜೆ ನಮ್ಮ ಮನೆಗೆ ಬಂದು, ನನ್ನ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಅತ್ತಿಗೆಗೆ ಬಿಡಿಸಿ ಹೇಳಿದರು.

"ದುಡ್ಡು ಹೇಗೂ ಖರ್ಚಾಗುತ್ತಮ್ಮ. ಎಲ್ಲಿ ಸುರೀಬೇಕು ಅನ್ನೋದೇ ಮಾತು. ಸೇತುವೆ ಕಟ್ಟಿದ್ರೆ ದೊಡ್ಡ ದೊಡ್ಡ ಯಂತ್ರ ಬರ್ತವೆ, ಕಟ್ತವೆ, ಹೋಗ್ತವೆ. ಅದೇ ದುಡ್ಡಲ್ಲಿ ಬಸ್ಸು ಬಿಡಿ. ಓಡಿಸೋರು ಬೇಕು, ರಿಪೇರಿ ಮಾಡೋರು ಬೇಕು, ತೊಳೆಯೋರು ಬೇಕು, ದಿನಾ ಬೇಕು. ಫುಟ್‌ಪಾತು, ಸೈಕಲ್ಲಿಗೆ ಒಂದು ದಾರಿ ಮಾಡಿ, ಕಲ್ಲು ಹಾಸೋಕೆ ನಮ್ಮೂರ ಕೈಗಳೇ ಸಾಕು. ಬಸ್ಸಿದ್ರೆ ಜನ ಕೆಲಸಕ್ಕೆ ಹೋಗ್ತಾರೆ, ಕೆಲಸಕ್ಕೆ ಹೋದ್ರೆ ಸಂಜೆ ಅಂಗಡಿಗೂ ಹೋಗ್ತಾರೆ. ಹೊಗೇನೂ ಕಮ್ಮಿ. ಟೌನ್‌ಹಾಲಲ್ಲಿ ಸಭೆ ಇದೆ, ಯಾರು ಬೇಕಾದ್ರೂ ಮಾತಾಡಬಹುದು. ನಾನು ಮಾತಾಡಿದ್ರೆ ಜನ ಆಕಳಿಸ್ತಾರೆ. ನಿಮ್ಮ ದನಿ ಕೇಳಿದ್ರೆ ತಲೆ ಎತ್ತುತ್ತಾರೆ."

ಅತ್ತಿಗೆಯ ಮುಖ ಸುಣ್ಣ ಬಳಿದಂತಾಯಿತು. "ನಾನು ಚೀಟಿ ಓದೋಳು ಮೇಷ್ಟ್ರೇ. ನನಗೆ ಮಾತಾಡೋಕೆ ಬರಲ್ಲ."

"ಚೀಟಿ ನಾನೇ ಬರೆದುಕೊಡ್ತೀನಿ."

ಗೋಡೆಗೂ ಕಿವಿ ಇರುತ್ತದೆ ಎನ್ನುವುದು ಸುಳ್ಳಲ್ಲ. ಮಾರನೆಯ ದಿನವೇ ಮ್ಯಾನೇಜರು ಅವಳನ್ನು ಕರೆಸಿದರು. ಬೈಯಲಿಲ್ಲ, ಕೂರಿಸಿ ಮಾತಾಡಿದರು, ಅದೇ ಹೆಚ್ಚು ಹೆದರಿಸಿತು. "ನಿಮ್ಮ ದನಿ ಸಂಸ್ಥೆಯ ದನಿ. ಹೊರಗೆ ಉಪಯೋಗಿಸೋ ಹಾಗಿಲ್ಲ. ನಿಮ್ಮದು ಕಾಂಟ್ರ್ಯಾಕ್ಟ್ ಕೆಲಸ, ಗೊತ್ತಲ್ಲ." ಅತ್ತಿಗೆ ಮನೆಗೆ ಬಂದು ನನಗೆ ಇದನ್ನು ಹೇಳಿ, ಮತ್ತೊಮ್ಮೆ ಹೇಳಿ, ಮೇಷ್ಟ್ರಿಗೆ ಆಗುವುದಿಲ್ಲ ಎಂದು ತಿಳಿಸು ಅಂದಳು.

ನಾನು ತಿಳಿಸುವ ಮೊದಲೇ ಇನ್ನೊಬ್ಬ ಬಂದ. ಒಳ್ಳೆಯ ಬೂಟು, ಮೆತ್ತನೆಯ ಮಾತು. ಅಂಗಿ ಹೊಲಿಸಬೇಕು ಎಂದು ಬಟ್ಟೆ ಕೊಟ್ಟ. ಹೊಸ ಗಿರಾಕಿ ಸಿಕ್ಕಿದನಲ್ಲ ಎಂದು ನಾನು ಖುಷಿಯಾಗಿ ಭುಜ ಅಳೆದೆ, ತೋಳು ಅಳೆದೆ. ಕತ್ತಿನ ಸುತ್ತ ಟೇಪು ಹಾಕಿದಾಗ ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಹೇಳಿದ. "ನಿಮ್ಮತ್ತಿಗೆ ಸಭೆಗೆ ಬರ್ತಾರಂತೆ. ಯಾಕೆ ಅವರಿಗೆ ಸುಮ್ಮನೆ ತೊಂದರೆ." ನಾನು ಟೇಪಿನ ತುದಿಗಳನ್ನು ಕೂಡಿಸಿದೆ. "ಮನೇಲಿ ಹುಡುಗಿ ಬೇರೆ ಸೈಕಲ್ಲಲ್ಲಿ ಓಡಾಡ್ತಾಳೆ. ಕೆಂಪು ಸೈಕಲ್ಲು, ಅಲ್ವಾ? ಆ ರಸ್ತೆ ಚೆನ್ನಾಗಿಲ್ಲ. ಹುಷಾರಾಗಿರೋಕೆ ಹೇಳಿ."

ಟೇಪು ನನ್ನ ಕೈಯಲ್ಲೇ ಇತ್ತು, ಅವನ ಕತ್ತಿನ ಸುತ್ತ. ಬಿಗಿಯಾಗಿ ಎಳೆಯಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆ ಗಳಿಗೆಯಲ್ಲಿ ಮಾತ್ರ ಈ ಹರಿತದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಅಳತೆಯ ಅಂಕಿ ಕೂಡ ಬಾಯಿಂದ ಹೊರಡಲಿಲ್ಲ. ಅವನು ನಗುತ್ತಾ ಹೋದ. ಅಂಗಿ ಒಯ್ಯಲು ಬರಲೇ ಇಲ್ಲ.

ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಸಂಜೆ ಅತ್ತಿಗೆಗೆ ಹೇಳಿದೆ. ಅವಳು ಎದ್ದು ಹೋಗಿ ಇನ್ನೂ ಬೆಳಕಿರುವಾಗಲೇ ಬಾಗಿಲಿಗೆ ಚಿಲಕ ಹಾಕಿ, ಎಳೆದು ನೋಡಿದಳು. ಸಭೆಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಭೆಗೆ ಇನ್ನು ಎರಡು ದಿನ ಇರುವಾಗ ಜೀರುಂಡೆ ಕುಂಟುತ್ತಾ ಬಂದಳು. ಮೊಣಕೈ ತರಚಿತ್ತು, ಒಂದು ಕೆನ್ನೆಗೆ ಮಣ್ಣು ಮೆತ್ತಿತ್ತು. ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದಳಂತೆ. ನನಗೆ ಬೂಟಿನವನ ನೆನಪಾಯಿತು. "ಯಾರಾದ್ರೂ ಬೇಕಂತ್ಲೇ ಬಂದ್ರಾ?" ಎಂದು ಕೇಳಿದೆ.

"ಬೇಕಂತ ಯಾಕೆ ಬರ್ತಾರೆ ಅತ್ತೆ? ಜಾಗ ಇಲ್ಲ. ಅವನೂ ಪಾಪ ಎಲ್ಲಿಗೆ ಹೋಗ್ತಾನೆ. ನಾವು ಐದಾರು ಹುಡುಗೀರು ವಾರಕ್ಕೊಂದು ಸಲ ಯಾರಾದ್ರೂ ಬೀಳ್ತೀವಿ."

ಇದನ್ನು ಅವಳು ನಮಗೆ ಹೇಳಿಯೇ ಇರಲಿಲ್ಲ. ಅತ್ತಿಗೆ ಗಾಯ ತೊಳೆದಳು, ಹತ್ತಿ ಒತ್ತಿದಳು. ಅವಳ ಮಾತು ಅನೌನ್ಸ್ ಮಾಡುವಾಗಿನಷ್ಟೇ ಸಮವಾಗಿ ಬಂತು. "ಆ ಮನುಷ್ಯ ಹೆದರಿಸೋದೇ ಬೇಕಾಗಿಲ್ಲ. ರಸ್ತೇನೇ ಸಾಕು." ಹತ್ತಿ ಎಸೆದು ನನ್ನ ಕಡೆ ತಿರುಗಿದಳು. "ಅತ್ತ ದರಿ ಇತ್ತ ಪುಲಿ ಅಂದ್ರೆ ಇದೇ. ಹೋದ್ರೂ ಹೆದರಿಕೆ, ಹೋಗದಿದ್ರೂ ಹೆದರಿಕೆ. ಹೋಗೇ ಹೆದರ್ತೀನಿ. ನೀನು ಮುಂದುಗಡೆ ಸಾಲಲ್ಲಿ ಕೂತ್ಕೋ, ಸಾಕು."

ಟೌನ್‌ಹಾಲು ತುಂಬಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಎಂಜಿನಿಯರು, ಗೋಡೆಗೆ ಸೇತುವೆಯ ಬಣ್ಣದ ಚಿತ್ರ. ಬೂಟಿನವನು ಬಾಗಿಲ ಬಳಿ ಒರಗಿ ನಿಂತಿದ್ದ. ಬಸ್ಸಿನ ಮ್ಯಾನೇಜರೂ ಇದ್ದರು. ಸೇತುವೆ ಬೇಕು ಎಂದವರು ಒಬ್ಬರಾದ ಮೇಲೊಬ್ಬರು ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡರು. ಆಮೇಲೆ ಅತ್ತಿಗೆಯನ್ನು ಕರೆದರು. ಮೇಷ್ಟ್ರ ಹಾಳೆ ಹಿಡಿದುಕೊಂಡು ಅವಳು ಮೈಕಿನ ಮುಂದೆ ಹೋಗಿ ನಿಂತಾಗ, ಇವಳಿಗೆ ಯಾಕಪ್ಪಾ ಇದೆಲ್ಲ, ಮನೆಗೆ ಕರೆದುಕೊಂಡು ಹೋಗಿಬಿಡೋಣ ಎಂದು ನನಗೆ ಅಳು ಬಂತು.

ಅವಳ ಹೆಬ್ಬೆರಳು ಮೈಕಿನ ಕಂಬದ ಮೇಲೆ ಗುಂಡಿಗಾಗಿ ತಡಕಾಡಿತು. ಮೇಲೆ ಹೋಯಿತು, ಕೆಳಗೆ ಬಂತು. ಆ ಮೈಕಿಗೆ ಗುಂಡಿ ಇರಲಿಲ್ಲ. ಬೆಳಗಿನಿಂದ ಚಾಲೂ ಇದ್ದ ಮೈಕು ಅದು. ಆದರೆ ಅವಳ ಬೆರಳು ಏನನ್ನೂ ಒತ್ತಿರಲಿಲ್ಲ, ಒತ್ತದ ಮೈಕು ಅವಳ ಲೆಕ್ಕದಲ್ಲಿ ಸತ್ತ ಮೈಕು. ಸ್ಪೀಕರುಗಳು ದೂರದಲ್ಲಿ, ಹಿಂದಿನ ಸಾಲುಗಳಿಗೆ ಮತ್ತು ಅಂಗಳದ ಜನಕ್ಕೆಂದು ಇಟ್ಟಿದ್ದವು. ಇಷ್ಟು ವರ್ಷ ನಿಲ್ದಾಣದ ಹೊರಗಿನ ಸ್ಪೀಕರಿನಲ್ಲಿ ತನ್ನ ದನಿ ಕೇಳಿ ಕೇಳಿ ಅದು ಬೇರೆ ಯಾರದೋ ಎಂದೇ ಅವಳ ಕಿವಿಗೆ ರೂಢಿಯಾಗಿತ್ತು. ಅವಳು ಬಾಗಿ, ಎದುರಿಗೆ ಕೂತ ನನ್ನನ್ನು ನೋಡಿ, ತನ್ನ ಕೋಣೆಯಲ್ಲಿ ಗೊಣಗುವಂತೆ ಗೊಣಗಿದಳು.

"ನನ್ನ ಕೈಲಿ ಆಗಲ್ಲ ಕಣೇ. ಅಕ್ಷರ ಕಾಣ್ತಾ ಇಲ್ಲ."

ಟೌನ್‌ಹಾಲಿನ ಆ ತುದಿಯವರೆಗೂ ಅದು ಕೇಳಿತು. ಸುಮ್ಮನಿರು ಎಂದು ನಾನು ಕೈ ಬೀಸಿದೆ. ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಳೋ ಏನೋ, ಮುಂದುವರಿಸಿದಳು.

"ಅವತ್ತೂ ಹೀಗೇ ಚೀಟಿ ಕೊಟ್ರು. ಕಾರ್ಖಾನೆ ರಸ್ತೇಲಿ ಸೈಕಲ್ ಸವಾರರಿಗೆ ಲಾರಿ ಬಡಿದಿದೆ, ನೀಲಿ ಗೆರೆ ಅಂಗಿ, ಜೇಬು ಬಲಗಡೆ ಇದೆ, ಸಂಬಂಧಪಟ್ಟವರು ಪೊಲೀಸ್ ಚೌಕಿಗೆ ಬರಬೇಕು ಅಂತ. ಒಂದ್ಸಲ ಓದಿದೆ. ಓದಿ ಮುಗಿಸೋ ಹೊತ್ತಿಗೆ ಗೊತ್ತಾಯ್ತು. ಆದ್ರೂ ಎರಡನೇ ಸಲ ಓದಿದೆ ಕಣೇ. ಎರಡು ಸಲ ಓದ್ಬೇಕಲ್ಲ. ದನಿ ಕೂಡ ನಡುಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ."

ನನಗೂ ಗೊತ್ತಿರಲಿಲ್ಲ. ಪೊಲೀಸರು ಕರೆದರು, ಹೋದೆ ಎಂದಷ್ಟೇ ಅವಳು ನನಗೆ ಹೇಳಿದ್ದಳು. ನಮ್ಮಣ್ಣ ಎಡಚ. ಎಡಗೈಗೆ ಸುಲಭವಾಗಲಿ ಎಂದು ಅವನ ಅಂಗಿಗಳಿಗೆ ಜೇಬನ್ನು ಬಲಗಡೆ ಇಟ್ಟು ಹೊಲಿಯುತ್ತಿದ್ದವಳು ನಾನು. ಊರಿನಲ್ಲಿ ಅಂಥ ಅಂಗಿ ಇನ್ನೊಬ್ಬರಿಗಿರಲಿಲ್ಲ. ನಾನು ಬೀಸುತ್ತಿದ್ದ ಕೈ ಹಾಗೇ ಕೆಳಗಿಳಿಯಿತು.

"ಈಗ ಕಿಂಡಿಯಲ್ಲಿ ಚೀಟಿ ಬಂದಾಗಲೆಲ್ಲ ಮಗಳ ಸುದ್ದಿನಾ ಅಂತ ಮೊದಲು ನೋಡ್ತೀನಿ. ಆಮೇಲೆ ಗುಂಡಿ ಒತ್ತುತೀನಿ. ಸೇತುವೆ ಮೇಲೆ ಯಾರು ಬೇಕಾದ್ರೂ ಹೋಗ್ಲಿ, ನನಗೇನು. ನನ್ನ ಮಗಳು ಕೆಳಗೇ ಹೋಗ್ಬೇಕು. ಅವಳಿಗೊಂದು ಬಸ್ಸು ಬೇಕು, ಬಸ್ಸು ಇಲ್ದಿದ್ರೆ ಲಾರಿ ಬರದ ಒಂದು ಗೇಣು ದಾರಿ ಬೇಕು. ಇಷ್ಟು ಹೇಳೋಕೂ ಹೆದರಿಕೆ ನನಗೆ. ಕೆಲಸ ಹೋಗುತ್ತೆ ಅಂತ ಹೆದರಿಕೆ, ಅಲ್ಲಿ ಬಾಗಿಲ ಹತ್ರ ನಿಂತಿದ್ದಾನಲ್ಲ, ಅವನ ಹೆದರಿಕೆ. ಮೇಷ್ಟ್ರೇ, ಇದಕ್ಕೆ ಗುಂಡಿ ಎಲ್ಲಿದೆ?"

"ಆನ್ ಆಗೇ ಇದೆಯಮ್ಮ," ಎಂದರು ಕೊಡೆ ಮೇಷ್ಟ್ರು.

ಅತ್ತಿಗೆ ತಲೆ ಎತ್ತಿ ನೋಡಿದಳು. ಹಿಂದಿನ ಸಾಲುಗಳಲ್ಲಿ ಹೆಂಗಸರು ತಿರುಗಿ ಬಾಗಿಲ ಕಡೆ ನೋಡುತ್ತಿದ್ದರು, ಬೂಟಿನವನು ಮೊಬೈಲು ತೆಗೆದು ಅದರಲ್ಲೇ ಮುಖ ಹುದುಗಿಸಿದ. ಅವಳು ಕುಸಿದು ಬೀಳುತ್ತಾಳೆ ಎಂದು ನಾನು ಅರ್ಧ ಎದ್ದಿದ್ದೆ. ಬೀಳಲಿಲ್ಲ. ಓಡಿಹೋಗಲು ತಿಳಿಯದೆಯೋ, ಚೀಟಿ ಕೊಟ್ಟ ಮೇಲೆ ಓದಲೇಬೇಕು ಎಂಬ ರೂಢಿಯಿಂದಲೋ, ಹಾಳೆ ಎತ್ತಿ ಹಿಡಿದು ಮೇಷ್ಟ್ರ ಮಾತುಗಳನ್ನು ಓದತೊಡಗಿದಳು. ಬಸ್ಸು, ಡ್ರೈವರುಗಳ ಕೆಲಸ, ಫುಟ್‌ಪಾತು, ಹೊಗೆ. ಊರು ದಿನಾ ಕೇಳುವ ಅದೇ ದನಿ. ಪೂರ್ತಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಸಮಯ ಮೀರಿತ್ತು, ಆದರೂ ಅಧ್ಯಕ್ಷರು ಗಂಟೆ ಬಾರಿಸಲಿಲ್ಲ.

ಇದರಿಂದ ಊರು ಉದ್ಧಾರವಾಯಿತು ಎಂದು ನಾನು ಹೇಳುವುದಿಲ್ಲ. ಸೇತುವೆ ಬಂದೇ ಬಂತು, ಉದ್ದದಲ್ಲಿ ಅರ್ಧವಾಗಿ. ಉಳಿದ ಅರ್ಧದ ಹಣದಲ್ಲಿ ಕೆಲವು ಬಸ್ಸುಗಳು ಬಂದವು, ಕಾರ್ಖಾನೆ ರಸ್ತೆಯ ಒಂದು ಬದಿಗೆ ಕಲ್ಲು ಹಾಸಿದ ದಾರಿ ಶುರುವಾಯಿತು. ನಿಂತುಹೋದ ಮಾರ್ಗಗಳಲ್ಲಿ ಬಿಸ್ಕತ್ತು ಕಾರ್ಖಾನೆಯದನ್ನು ಮತ್ತೆ ಬಿಟ್ಟರು. ಅತ್ತಿಗೆಯ ಕಾಂಟ್ರ್ಯಾಕ್ಟನ್ನು ಮಾತ್ರ ಮುಂದುವರಿಸಲಿಲ್ಲ. ಕಾರಣ ಕೇಳಿದರೆ ಹೊಸ ಯಂತ್ರ ಬಂದಿದೆ, ಅದೇ ಮಾತಾಡುತ್ತದೆ ಎಂದರು. ಈಗ ಅವಳು ನನ್ನ ಪಕ್ಕದಲ್ಲಿ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಾಳೆ. ಒಂದೊಂದು ಕಾಜಾವನ್ನೂ ಎಳೆದು ನೋಡುತ್ತಾಳೆ, ಬಿಚ್ಚಿಹೋದೀತೆಂಬ ಭಯ.

ಬಸ್ಸು ಮತ್ತೆ ಶುರುವಾದ ಬೆಳಿಗ್ಗೆ ಜೀರುಂಡೆ ಹಟ ಹಿಡಿದಳು. "ಅಮ್ಮ, ನೀನೂ ಬಾ. ಒಂದೇ ಒಂದ್ಸಲ. ನಾನು ಹೋಗೋ ದಾರಿ ನೋಡು, ಆಮೇಲೆ ಮನೇಲಿ ಕೂತು ಏನೇನೋ ಅಂದ್ಕೊಳ್ಳೋದು ತಪ್ಪುತ್ತೆ." ಅತ್ತಿಗೆ ನನ್ನ ಮುಖ ನೋಡಿದಳು. ನಾನು ಯಂತ್ರಕ್ಕೆ ಬಟ್ಟೆ ಮುಚ್ಚಿ ಚಪ್ಪಲಿ ಮೆಟ್ಟಿದೆ.

ಹುಡುಗಿ ಹತ್ತಿದ ಕೂಡಲೇ ತನ್ನ ಗೆಳತಿಯರ ಗುಂಪು ಸೇರಿದಳು. ನಾವಿಬ್ಬರೂ ಹಿಂದೆ ಕೂತೆವು. ಊರು ಮುಗಿದು ಲಾರಿಗಳು ಕಾಣಿಸಿಕೊಂಡಾಗ ಅತ್ತಿಗೆ ಮುಂದಿನ ಸೀಟಿನ ಕಂಬಿ ಹಿಡಿದಳು. ಅವಳಿಗೆ ಗೊತ್ತಿದ್ದದ್ದು ಮೋರಿಯ ಹತ್ತಿರ ಎಂದಷ್ಟೇ. ಆ ರಸ್ತೆಯಲ್ಲಿ ಮೋರಿಗಳು ಹಲವು. ಮೊದಲನೆಯದು ಬರುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿದಳು. "ಇದೇನಾ?"

"ಹ್ಞೂ, ಇದೇ," ಎಂದೆ. ಬಸ್ಸು ಅದನ್ನು ದಾಟಿತು. "ಕಣ್ಣು ಬಿಡು. ಹಿಂದೆ ಹೋಯ್ತು."

ಅವಳು ಕಣ್ಣು ಬಿಟ್ಟಳು. ಹಿಂತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲದೆ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಕಂಬಿಯಿಂದ ಕೈ ತೆಗೆದಳು. ಆಮೇಲೆ ಮುಂದಿನ ಸೀಟಿನವನ ಕಾಲರಿನ ಹೊಲಿಗೆ ಸೊಟ್ಟಗಿದೆ ನೋಡು, ಯಾರು ಹೊಲಿದರೋ ಎಂದು ನನ್ನ ಕಿವಿಯಲ್ಲಿ ಶುರು ಮಾಡಿದಳು.

ನಮ್ಮಣ್ಣ ಬಿದ್ದ ಮೋರಿ ಬಂದದ್ದು ಆಗ. ಪಕ್ಕದಲ್ಲಿ ಲಾರಿಯೊಂದು ಭರ್ರನೆ ಹೋಯಿತು. ಅತ್ತಿಗೆ ಕಾಲರಿನ ವಿಷಯ ಹೇಳುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಾ, ಅವಳು ಬಿಟ್ಟ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ಅದನ್ನು ದಾಟುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದೆ.